ಕೆಂಡ ತರಲು ಹೋದವಳು

"ಅಯ್ಯನವರೇ, ಅವರು ಹೊಡೆದರೆ ನನ್ನ ನಂಬಿಕೆ ಉಳಿಯುತ್ತದೆಯೇ?" ಎಂದು ಎಲೀಯ ಕೇಳಿದ.

ಹೊಳೆಯಾಚೆಯ ಊರಿನಲ್ಲಿ ಸುವಾರ್ತೆ ಸಾರಲು ಸಭೆ ಅವನನ್ನು ಆರಿಸಿತ್ತು. ಅಲ್ಲಿಯವರು ದೊಣ್ಣೆ ಹಿಡಿದು ಕಾದಿದ್ದಾರೆಂದು ಸಂತೆಯಲ್ಲಿ ಯಾರೋ ಹೇಳಿದ್ದರು. ಅಂದಿನಿಂದ ಅವನ ತಲೆಯಲ್ಲಿ ದೊಣ್ಣೆ ಬಿಟ್ಟರೆ ಬೇರೇನೂ ಇರಲಿಲ್ಲ. ತಾನು ಬಿದ್ದಂತೆ, ರಕ್ತ ಸುರಿದಂತೆ, ಆದರೂ ಕ್ರಿಸ್ತನ ಹೆಸರು ಬಿಡದಂತೆ ಅವನು ಮನಸ್ಸಿನಲ್ಲಿ ಎಷ್ಟೋ ಸಲ ನೋಡಿಕೊಂಡಿದ್ದ. ಉಪದೇಶಿ ಜೀವರತ್ನ ಅವರ ಬಾಯಿಂದ ಒಂದು ಧೈರ್ಯದ ಮಾತು ಬೇಕಿತ್ತು, ಅಷ್ಟೆ.

"ಬೆಳಿಗ್ಗೆ ಪ್ರಾರ್ಥನೆಗೆ ಕಾಣಲಿಲ್ಲ ನೀನು," ಎಂದರು ಉಪದೇಶಿ.

"ಹೊರಡೋ ಕೆಲಸ, ಅಯ್ಯನವರೇ. ಸೈಕಲ್ ಚೈನು ಕಿತ್ತುಹೋಗಿತ್ತು. ಅದಾಯಿತು ಅನ್ನೋಷ್ಟರಲ್ಲಿ ಅತ್ತಿಗೆ ಅಂಗಡಿಗೆ ಕಳಿಸಿದರು. ನಾಳೆಯಿಂದ ಬರ್ತೀನಿ."

"ನಿನ್ನೆಯೂ ನಾಳೆ ಅಂದಿದ್ದೆ."

ಎಲೀಯ ತಲೆ ತಗ್ಗಿಸಿದ. ಉಪದೇಶಿ ಬೈಯಲಿಲ್ಲ. ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಬೆಂಕಿಪೊಟ್ಟಣ ಇನ್ನೂ ಮನೆಮನೆಗೆ ಬಾರದ ಕಾಲ. ಊರ ಹೊರಗಿನ ಹೊಲದಲ್ಲಿ, ಒಂದು ಗುಡಿಸಲಿನಲ್ಲಿ ಒಬ್ಬ ಮುದುಕಿಯಿದ್ದಳು. ಅವಳ ಸೊಸೆಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಅಂಗೈಯಗಲವಿತ್ತು. ತಾಯಿ ಎದೆಗೊತ್ತಿಕೊಂಡರೂ ಅದರ ಮೈ ಬೆಚ್ಚಗಾಗಲಿಲ್ಲ. ಹೆರಿಗೆಯ ಗಡಿಬಿಡಿಯಲ್ಲಿ ಒಲೆಯನ್ನು ಯಾರೂ ನೋಡಿರಲಿಲ್ಲ, ಅದು ಆರಿಹೋಗಿತ್ತು.

"ಮಂಚದ ಕೆಳಗೆ ಕೆಂಡ ಇಡಬೇಕು. ಇಲ್ಲವಾದರೆ ಕೂಸು ಉಳಿಯೋದಿಲ್ಲ," ಎಂದಳು ಸೂಲಗಿತ್ತಿ.

ಮಗ ಪರವೂರಿಗೆ ಹೋಗಿದ್ದ. ಮುದುಕಿಯೇ ಹೊರಟಳು. ಹಗಲಿನ ಹೊತ್ತು, ಊರಿನ ಒಲೆಗಳೆಲ್ಲ ತಣ್ಣಗಿದ್ದವು. ಊರಿನ ಆ ತುದಿಯ ಕುಂಬಾರನ ಮನೆಯಲ್ಲಿ ಮಾತ್ರ ಬೆಂಕಿಯಿತ್ತು. ಅವನು ಒಡೆದ ಮಡಕೆಯ ಚೂರಿನಲ್ಲಿ ನಿಗಿನಿಗಿ ಕೆಂಡ ಹಾಕಿ ಕೊಟ್ಟ.

"ಊದ್ತಾ ಹೋಗಜ್ಜಿ. ಎಲ್ಲೂ ನಿಲ್ಲಬೇಡ."

"ನಿಮ್ಮಪ್ಪ ಅಂಬೆಗಾಲಿಡೋ ಕಾಲದಿಂದ ಬೆಂಕಿ ಹೊತ್ತವಳು ನಾನು. ನನಗೇ ಕಲಿಸ್ತೀಯೇನೋ?" ಎಂದಳು ಮುದುಕಿ.

ಅವಳಿಗೆ ಹೆದರಿಕೆಯಿದ್ದುದು ಗಾಳಿಯದು. ಗಾಳಿ ಬೀಸಿದರೆ ಕೆಂಡ ಹಾರುತ್ತದೆ, ಬೂದಿಯಾಗುತ್ತದೆ. ಆದ್ದರಿಂದ ಇನ್ನೊಂದು ಚೂರನ್ನು ಮೇಲೆ ಕವುಚಿ, ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು ನಡೆದಳು.

ಬಾವಿಯ ಬಳಿ ಹೆಂಗಸರು ತಡೆದರು. ಕೂಸು ಗಂಡೋ ಹೆಣ್ಣೋ, ಯಾರ ಹೋಲಿಕೆ ಎಂದು ಕೇಳಿದರು. ಕೂಸಿನ ಮಾತು ತಾನೆ, ಮುದುಕಿ ನಿಂತು ಹೇಳಿದಳು. ಸೊಸೆಯ ತವರಿನವರು ಇನ್ನೂ ಬಂದಿಲ್ಲವೆಂಬುದನ್ನೂ ಹೇಳಿದಳು. ಆ ಮಾತು ಅಷ್ಟಕ್ಕೇ ಮುಗಿಯಲಿಲ್ಲ.

ಮುಂದೆ ಒಬ್ಬ ಬಳೆಗಾರ ಜಗುಲಿಯ ಮೇಲೆ ಗಂಟು ಬಿಚ್ಚಿದ್ದ. ಕೂಸಿನ ಕೈಗೆ ಕರಿಬಳೆ ಬೇಕಲ್ಲ ಎಂದು ಮುದುಕಿಗೆ ನೆನಪಾಯಿತು. ಒಂದು ಜೊತೆ ಆರಿಸಿದಳು. ದೊಡ್ಡದಾಯಿತೆಂದು ಬಿಟ್ಟು ಇನ್ನೊಂದು ಜೊತೆ ಆರಿಸಿದಳು. ನಡುವೆ ಎಡಗೈಯಲ್ಲಿದ್ದ ಚೂರನ್ನು ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಬೆಚ್ಚಗಿದೆಯೆಂದರೆ ಬೆಂಕಿಯಿದೆ ಎಂದುಕೊಂಡಳು.

ಊರು ದಾಟುವಲ್ಲಿ ಸಭೆಯ ಹಿರಿಯರೊಬ್ಬರು ಎದುರಾದರು. ಕೂಸಿಗೆ ದೀಕ್ಷಾಸ್ನಾನ ಯಾವಾಗ, ಯಾವ ಹೆಸರು, ಬೆಳೆಹಬ್ಬದ ದಿನವೇ ಇಟ್ಟುಕೊಂಡರೆ ಊಟದ ಖರ್ಚು ಉಳಿಯುವುದಿಲ್ಲವೇ ಎಂದು ಕೇಳಿದರು. ಹೋದ ವರ್ಷದ ಹಬ್ಬದಲ್ಲಿ ಮುಂದಿನ ಸಾಲಿನಲ್ಲಿ ಯಾರು ಕೂತರು, ಯಾರು ಮುನಿಸಿಕೊಂಡು ಎದ್ದುಹೋದರು ಎಂಬುದೂ ಬಂತು. ದೇವರ ಕೆಲಸದ ಮಾತು ಎಂದು ಮುದುಕಿ ಅಲ್ಲೇ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತಳು. ಚೂರನ್ನು ಮಾತ್ರ ಕೈಯಿಂದ ಕೆಳಗಿಡಲಿಲ್ಲ.

ಗುಡಿಸಲಿನ ಬಾಗಿಲಲ್ಲಿ ಸೊಸೆಯ ದನಿ ಕೇಳಿತು.

"ಅತ್ತೆ, ತಂದ್ರಾ?"

"ತಂದೆ ಕಣವ್ವ."

ಮೇಲಿನ ಚೂರು ತೆಗೆದಳು. ಬೂದಿಯಿತ್ತು. ಬಗ್ಗಿ ಊದಿದಳು. ಬೂದಿ ಹಾರಿ ಅವಳ ಕಣ್ಣಿಗೇ ಬಿತ್ತು.

ಮುದುಕಿ ಕಣ್ಣುಜ್ಜಿಕೊಳ್ಳುತ್ತಲೇ ಮತ್ತೆ ಕುಂಬಾರನ ಮನೆಗೆ ಓಡಿದಳು. ಈ ಸಲ ಮೇಲೆ ಏನನ್ನೂ ಮುಚ್ಚಲಿಲ್ಲ. ಬಾವಿಯವರು ಕರೆದರು, ಓಗೊಡಲಿಲ್ಲ. ಹಿರಿಯರು ಕೈಯೆತ್ತಿದರು, ತಿರುಗಿ ನೋಡಲಿಲ್ಲ. ದಾರಿಯುದ್ದಕ್ಕೂ ಊದಿ ಊದಿ ತುಟಿ ಸುಟ್ಟುಕೊಂಡಳು. ಗುಡಿಸಲು ಮುಟ್ಟಿದಾಗ ಕೆಂಡ ಕುಂಬಾರನ ಮನೆಯಲ್ಲಿದ್ದಷ್ಟೇ ಕೆಂಪಗಿತ್ತು.

ಸೂಲಗಿತ್ತಿ ಬಾಗಿಲಿಗೆ ಅಡ್ಡ ನಿಂತಳು.

"ಕೆಳಗಿಡವ್ವ. ಇನ್ನು ಬೇಡ," ಎಂದಳು.

ಉಪದೇಶಿ ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಎಲೀಯ ಮುಂದೇನೋ ಇದೆಯೆಂದು ಕಾದ. ಮುಂದೇನೂ ಇರಲಿಲ್ಲ. ಕೂಸು ಹೋದದ್ದು ಅವನಿಗೆ ಸಹಿಸಲಾಗಲಿಲ್ಲ. ಮುದುಕಿ ಕೆಟ್ಟವಳಲ್ಲ. ಅವಳು ಕದ್ದಿಲ್ಲ, ಸುಳ್ಳು ಹೇಳಿಲ್ಲ, ಕೆಂಡವನ್ನು ಬಿಸಾಡಿ ಬಂದಿಲ್ಲ. ತಪ್ಪು ಬೇರೆ ಯಾವುದರ ಮೇಲಾದರೂ ಇರಲೇಬೇಕೆಂದು ಅವನು ಹುಡುಕಿದ.

"ಮೊದಲ ಸಲ ಬರುವಾಗ ಗಾಳಿ ಜೋರಾಗಿತ್ತೇನೋ, ಅಯ್ಯನವರೇ," ಎಂದ. "ಮುಚ್ಚಿದ್ದರೂ ಒಳಗೆ ನುಗ್ಗಿ ಆರಿಸಿರಬೇಕು."

ಉಪದೇಶಿ ಎದ್ದು ನಿಂತರು.

"ಆ ದಿನ ಒಂದು ಎಲೆಯೂ ಅಲುಗಿರಲಿಲ್ಲ, ಎಲೀಯ."