ಸುಣ್ಣದ ಡಬ್ಬಿಯ ದೀಪ

"ಅಜ್ಜಾರ, ಹೋದ ಬೆಳಕು ತಿರುಗಿ ಬರಬೇಕಂದ್ರ ಏನ್ ಮಾಡಬೇಕ್ರಿ?" ಎಂದು ಬಸಲಿಂಗ ಕೇಳಿದ.

ಅವನು ಮಠದ ದಾಸೋಹದಲ್ಲಿ ಅಡುಗೆ ನೋಡಿಕೊಳ್ಳುವ ಶಿಷ್ಯ. ದೀಕ್ಷೆ ಪಡೆದ ಬೆಳಿಗ್ಗೆ ಅವನ ಎದೆಯೊಳಗೆ ಏನೋ ಬೆಳಗಿತ್ತು. ದೇವರು ಪಕ್ಕದಲ್ಲೇ ಬಂದು ಕೂತ ಹಾಗೆ ಅನ್ನಿಸಿತ್ತು. ಅದಾಗಿ ಮೂರು ವರ್ಷ. ದಿನವೂ ಇನ್ನೂರು ಮಂದಿಗೆ ಬೇಯಿಸಿ ಬಡಿಸುತ್ತಾನೆ, ಆ ಬೆಳಕು ಮಾತ್ರ ಮತ್ತೆ ಬಂದಿಲ್ಲ. ಅದಕ್ಕಾಗಿ ಅವನ ಜೀವ ಹಂಬಲಿಸುತ್ತಿತ್ತು. ಉಗ್ರಾಣದ ಬೀಗದಕೈಯನ್ನು ಗುರುಗಳಾದ ಅಜ್ಜನವರ ಮುಂದಿಟ್ಟು, "ಅಡಗಿಮನಿ ಬ್ಯಾರೆಯವರು ನೋಡ್ಲಿ. ನಾನು ಬಾಗಲಾ ಹಾಕ್ಕೊಂಡು ಕುಂದರತೀನ್ರಿ. ಅದು ಬರೂತನಕ ಏಳೂದಿಲ್ಲ," ಎಂದ.

ಅಜ್ಜನವರು ಬೀಗದಕೈ ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಡ್ರೈವರ್ ಇದ್ದ. ಗುಡ್ಡದ ಬುಡದ ಊರಿನಲ್ಲಿ ಅವನದೊಂದು ಹಳೆಯ ಬಾಡಿಗೆ ಕಾರು. ಪೇಟೆಗಾಗಲಿ, ಮದುವೆ ದಿಬ್ಬಣಕ್ಕಾಗಲಿ, ಗುಡ್ಡದಾಚೆಯ ದವಾಖಾನೆಗಾಗಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಅದೊಂದೇ ಗಾಡಿ. ಮಕ್ಕಳಿಲ್ಲದ ಮನೆಯಲ್ಲಿ ಗೋಡೆ ನೋಡುತ್ತ ಕೂತು ಏನು ಮಾಡಲಿ ಎಂದು ಹೆಂಡತಿಯೂ ಮುಂದಿನ ಸೀಟು ಹತ್ತುತ್ತಿದ್ದಳು. ಕೂತವಳು ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟು, ಊರು ದಾಟುವುದರೊಳಗೆ ನಿದ್ದೆ ಹೋಗುತ್ತಿದ್ದಳು. ದಿಬ್ಬಣದವರು ಗಂಟಲು ಹರಿಯುವಂತೆ ಹಾಡಿದರೂ ಅವಳಿಗೆ ಎಚ್ಚರವಿಲ್ಲ. ಆದರೆ ಇಂಜಿನ್ನಿನ ಸದ್ದು ಕೂದಲೆಳೆಯಷ್ಟು ಬದಲಾದರೆ ಸಾಕು, ತಟ್ಟನೆ ಕಣ್ಣು ಬಿಡುತ್ತಿದ್ದಳು.

"ನಿಂದರಸ್ರಿ. ಎಣ್ಣಿ ನೋಡ್ರಿ."

ಅವನು ನಿಲ್ಲಿಸಿ ನೋಡಿದರೆ ಎಣ್ಣೆ ಇಳಿದೇ ಇರುತ್ತಿತ್ತು. ಹೀಗೆ ಇಪ್ಪತ್ತು ವರ್ಷ ಅವಳ ಕಿವಿಯ ಮೇಲೆ ಅವನ ಗಾಡಿ ಓಡಿತು.

ಅವಳು ಮೂರು ದಿನದ ಜ್ವರದಲ್ಲಿ ತೀರಿಕೊಂಡಳು. ಒಂದೆರಡು ತಿಂಗಳಿಗೆ ಎಣ್ಣೆ ಬತ್ತಿದ್ದು ತಿಳಿಯದೆ ಓಡಿಸಿ ಅವನು ಇಂಜಿನ್ ಕೆಡಿಸಿಕೊಂಡ. ದುರಸ್ತಿಯಾದ ಮೇಲೆ, ಇನ್ನು ಹೀಗಾಗಬಾರದೆಂದು ತಾನೇ ಒಂದು ದೀಪ ಮಾಡಿದ. ಹೆಂಡತಿಯ ಸುಣ್ಣದ ಡಬ್ಬಿಗೆ ತೂತು ಕೊರೆದು, ಸ್ಕೂಟರಿನ ಪುಟ್ಟ ಬಲ್ಬು ಕೂರಿಸಿ, ಮೇಲೆ ಕೆಂಪು ಗಾಜಿನ ಚೂರು ಅಂಟಿಸಿದ. ಎಣ್ಣೆಯ ಒತ್ತಡಕ್ಕೆ ಕೆಲಸ ಮಾಡುವ ಸ್ವಿಚ್ಚನ್ನು ಇಂಜಿನ್ನಿಗೆ ಜೋಡಿಸಿ ಅಲ್ಲಿಂದ ವೈರು ಎಳೆದ. ಡಬ್ಬಿಯನ್ನು ಅವಳು ಕೂರುತ್ತಿದ್ದ ಸೀಟಿನ ಎದುರಿಗೇ ಬಿಗಿದ. ಚಾವಿ ತಿರುಗಿಸಿದರೆ ದೀಪ ಹೊತ್ತಬೇಕು. ಇಂಜಿನ್ ಓಡತೊಡಗಿ ಎಣ್ಣೆಯ ಒತ್ತಡ ಏರಿದೊಡನೆ ಆರಬೇಕು. ದಾರಿಯಲ್ಲಿ ಮತ್ತೆ ಹೊತ್ತಿತೋ, ಗಾಡಿ ನಿಲ್ಲಿಸಬೇಕು.

ಮೊದಲ ದಿನ ಚಾವಿ ತಿರುಗಿಸಿದ. ಡಬ್ಬಿ ಕೆಂಪಗೆ ಬೆಳಗಿತು. ಅವಳೇ ಕಣ್ಣು ಬಿಟ್ಟ ಹಾಗಿತ್ತು. ಇಂಜಿನ್ ಶುರು ಮಾಡಿದ. ದೀಪ ಆರಿತು, ಪಕ್ಕದ ಸೀಟು ಬರಿದಾಯಿತು. ಅವಳು ಎರಡನೇ ಸಲ ಹೋದಳು ಅನ್ನಿಸಿತು ಅವನಿಗೆ.

ಮರುದಿನ ಚಾವಿ ತಿರುಗಿಸಿದವನು ಇಂಜಿನ್ ಶುರು ಮಾಡದೆ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಅದರ ಮರುದಿನ ಇನ್ನೂ ಸ್ವಲ್ಪ. ತಿಂಗಳು ಕಳೆಯುವುದರಲ್ಲಿ ಅದೇ ಅವನ ದಿನಚರಿಯಾಯಿತು. ಬಾಡಿಗೆಗೆ ಬಂದವರಿಗೆ ನಾಳೆ ಬನ್ನಿ ಎನ್ನುವುದು, ಡಬ್ಬಿಯ ಎದುರು ಕೂತು ಅವಳೊಂದಿಗೆ ಮನೆ ಮಾತು ಆಡುವುದು. ನಿಂತ ಗಾಡಿಯ ಚಾವಿ ತಿರುಗಿಸಿಟ್ಟರೆ ಬ್ಯಾಟರಿ ಇಳಿಯುತ್ತದೆಂಬುದು ಹೊಸದಾಗಿ ಸ್ಟೇರಿಂಗ್ ಹಿಡಿದವನಿಗೂ ಗೊತ್ತು. ಇವನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಕೂತ. ಅವಳನ್ನು ನೋಡಬೇಕೆಂಬ ಆಸೆ ಅಷ್ಟಿತ್ತು.

ಒಂದು ಬೆಳಿಗ್ಗೆ ಅವನು ಹಾಗೇ ಕೂತಿದ್ದಾಗ ಒಬ್ಬ ಕುರುಬ ಓಡಿ ಬಂದ. ಸೊಸೆಗೆ ಹೆರಿಗೆ ನೋವು. ಮಗು ಅಡ್ಡ ತಿರುಗಿದೆ, ಈಗಲೇ ದವಾಖಾನೆಗೆ ಒಯ್ಯಿರಿ ಎಂದು ಸೂಲಗಿತ್ತಿ ಕೈಬಿಟ್ಟಿದ್ದಳು. ಕುರುಬನ ಹೆಂಡತಿ ಆ ಹುಡುಗಿಯನ್ನು ಎತ್ತಿನ ಚಕ್ಕಡಿಯಿಂದ ಇಳಿಸಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ತಾನೂ ಹತ್ತಿದಳು.

"ಲಗೂನ ಹೊಂಡ್ರಿ ಯಣ್ಣಾ. ದೀಪ ಹತ್ತೇ ಐತಲ್ರಿ!" ಎಂದ ಕುರುಬ, ಡಬ್ಬಿಯ ಕಡೆ ಕೈ ತೋರಿಸಿ.

ಪಾಪ, ಅವನಿಗೇನು ಗೊತ್ತು. ಡ್ರೈವರ್ ಶುರು ಮಾಡಲು ಹೋದರೆ ಇಂಜಿನ್ ಒಮ್ಮೆ ಮುಲುಗಿ ಸುಮ್ಮನಾಯಿತು. ಬ್ಯಾಟರಿಯಲ್ಲಿ ಜೀವವಿರಲಿಲ್ಲ. ಹಿಂದೆ ಹುಡುಗಿ ಚೀರಿದಳು. ಡ್ರೈವರ್ ನಾಚಿಕೆಯಿಂದ ಕುಗ್ಗಿಹೋದ. ಬದುಕಿದ್ದಾಗ ಯಾರ ದಾರಿಗೂ ಅಡ್ಡ ಬಾರದವಳನ್ನು ತಂದು ಎರಡು ಜೀವಗಳ ದಾರಿಗೆ ಅಡ್ಡ ನಿಲ್ಲಿಸಿದೆನಲ್ಲ ಎಂದುಕೊಳ್ಳುತ್ತ ನೆರೆಯವರನ್ನು ಕೂಗಿದ.

ನೆರೆಯವರು ಬಂದು ಗಾಡಿಯನ್ನು ಇಳಿಜಾರಿಗೆ ತಳ್ಳಿದರು. ಒಮ್ಮೆ ಹತ್ತಲಿಲ್ಲ, ಎರಡು ಸಲ ಹತ್ತಲಿಲ್ಲ. ಮೂರನೆಯ ಸಲಕ್ಕೆ ಇಂಜಿನ್ ಕೆಮ್ಮಿ ಓಡತೊಡಗಿತು. ನಿಲ್ಲಿಸಿದರೆ ಮತ್ತೆ ಶುರುವಾಗುವ ಖಾತ್ರಿಯಿಲ್ಲ. ತಳ್ಳುತ್ತಿದ್ದ ಕುರುಬನನ್ನು ಹತ್ತಿಸಿಕೊಳ್ಳಲೂ ಅವನು ನಿಲ್ಲಿಸಲಿಲ್ಲ. ಎಣ್ಣೆ ಏರಿತು. ದೀಪ ಆರಿತು.

ಗುಡ್ಡದ ಏರಿನಲ್ಲಿ ಅವನು ಡಬ್ಬಿಯ ಕಡೆ ನೋಡಿದ. ಕಪ್ಪಗಿತ್ತು. ಹೊತ್ತದಿರಲಿ, ದೇವರೇ, ಈಗ ಹೊತ್ತದಿರಲಿ ಎಂದು ತನ್ನ ಬಾಯಿ ಬೇಡಿಕೊಳ್ಳುತ್ತಿರುವುದು ಅವನಿಗೇ ಕೇಳಿಸಿತು. ಆಗ ಅವನಿಗೆ ಹೊಳೆಯಿತು. ಗಾಡಿ ಸರಿಯಾಗಿ ಓಡುವಾಗ ಅವಳು ಯಾವತ್ತು ಎಚ್ಚರವಿದ್ದಳು? ಇಪ್ಪತ್ತು ವರ್ಷ ಪಕ್ಕದಲ್ಲಿ ಇದ್ದದ್ದೇ ಹೀಗೆ, ಕಣ್ಣು ಮುಚ್ಚಿಕೊಂಡು. ಅವನು ಸದ್ದಾಗದಂತೆ ಗೇರು ಬದಲಿಸಿದ. ತಗ್ಗು ಬಂದಲ್ಲಿ ಬಳಸಿಕೊಂಡು ಹೋದ.

"ಎಷ್ಟ್ ಹಗೂರ ಹೊಡ್ಯಾಕತ್ತೀಯಪ್ಪಾ, ನಿನ್ನ ಹೊಟ್ಟಿ ತಣ್ಣಗಿರ್ಲಿ," ಎಂದಳು ಹಿಂದಿನಿಂದ ಕುರುಬನ ಹೆಂಡತಿ.

"ಬಾಜೂಕ ಮಲಗ್ಯಾಳವ್ವಾ," ಎಂದ ಡ್ರೈವರ್.

ಅವಳು ಅವನ ಪಕ್ಕದ ಬರಿಯ ಸೀಟನ್ನು ನೋಡಿದಳು. ದವಾಖಾನೆ ಮುಟ್ಟುವವರೆಗೂ ದೀಪ ಹೊತ್ತಲಿಲ್ಲ. ಮಧ್ಯಾಹ್ನದೊಳಗೆ ಅವಳಿಗೆ ಮೊಮ್ಮಗಳು ಹುಟ್ಟಿದಳು.

ಅಜ್ಜನವರು ಕತೆ ಮುಗಿಸಿದರು. ಬಸಲಿಂಗನ ಕಣ್ಣು ತುಂಬಿತ್ತು.

"ಆಮ್ಯಾಲೆ ಅಂವಗ ಆಕಿ ನೆನಪು ಕಾಡಲಿಲ್ಲೇನ್ರಿ, ಅಜ್ಜಾರ?"

"ದಿನಾ ಕಾಡ್ತು. ದಿನಾ ಗಾಡಿ ಹೊಡದಾ," ಎಂದರು ಅಜ್ಜನವರು. ಅಡುಗೆಮನೆಯ ಕಡೆಯಿಂದ ಯಾರೋ ಬೇಳೆ ಬೇಕೆಂದು ಕೂಗುತ್ತಿದ್ದರು. ಅವರು ಬೀಗದಕೈಯನ್ನು ಶಿಷ್ಯನ ಕಡೆಗೆ ಸರಿಸಿದರು.

"ನಿನ್ನ ಗಾಡಿ ಓಡಾಕತ್ತೈತಿ ತಮ್ಮಾ, ಬಾಜೂಕ ಮಲಗಿದಾಂವನ್ನ ಯಾಕ ಎಬ್ಬಸ್ತೀ?"

ಬಸಲಿಂಗ ಬೀಗದಕೈ ತೆಗೆದುಕೊಂಡು ಉಗ್ರಾಣದ ಕಡೆ ನಡೆದ.