ಮೂಸಿ ತಂದ ಮಲ್ಲಿಗೆ

“ಗುರುಗಳೇ, ಹಿರಿಯರು ಹೇಳಿದ್ದನ್ನು ಪರೀಕ್ಷಿಸಿ ನೋಡುವುದು ಅಪಚಾರವೇ?” ಎಂದು ಶಿಷ್ಯೆ ಕೇಳಿದಳು.

ಆ ಬೆಳಿಗ್ಗೆ ಪಾಠದ ನಡುವೆ “ಇದು ಹೀಗೇ ಎಂದು ಹೇಗೆ ಗೊತ್ತು?” ಎಂದದ್ದಕ್ಕೆ ಮಠದ ಹಿರಿಯರೊಬ್ಬರು ಅವಳನ್ನು ಎಬ್ಬಿಸಿ ಹೊರಗೆ ಕಳಿಸಿದ್ದರು. ಕ್ಷಮೆ ಕೇಳಿ ಒಳಗೆ ಬಾ ಎಂದಿದ್ದರು. ಅವಳು ಇನ್ನೂ ಕೇಳಿರಲಿಲ್ಲ.

ಗುರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೂವಾಡಗಿತ್ತಿ ಇದ್ದಳು. ದೇವಸ್ಥಾನಕ್ಕೆ ದಿನವೂ ಮಲ್ಲಿಗೆ ಮಾಲೆ ಕಟ್ಟಿಕೊಡುವುದು ಅವಳ ಕೆಲಸ. ಅವಳ ತಾಯಿಯೂ ಅದನ್ನೇ ಮಾಡಿದ್ದಳು. ಊರಿಗೆಲ್ಲ ಹೂ ತರಿಸುತ್ತಿದ್ದವನು ಒಬ್ಬನೇ ವ್ಯಾಪಾರಿ. ದೇವರಿಗೆ ಹೋಗುವ ಹೂವನ್ನು ಮೂಸಬಾರದು ಎಂಬುದು ಆ ಊರಿನ ಕಟ್ಟಳೆ. ಮೂಸಿದರೆ ಅದು ಎಂಜಲು ಎಂದು ವ್ಯಾಪಾರಿ ಮೂಟೆ ಕೊಡುವಾಗಲೆಲ್ಲ ಹೇಳುತ್ತಿದ್ದ. ಹಾಗಾಗಿ ಹೂವಾಡಗಿತ್ತಿಯರೆಲ್ಲ ವ್ಯಾಪಾರಿ ಕೊಟ್ಟ ಮೂಟೆಯನ್ನು ಬಿಚ್ಚದೆ, ಮುಖ ಆಚೆ ತಿರುಗಿಸಿಕೊಂಡೇ ಹೊತ್ತುಕೊಂಡು ಹೋಗುತ್ತಿದ್ದರು. ಇದನ್ನು ಭಕ್ತಿ ಎನ್ನುತ್ತಿದ್ದರು.

ಆ ವರ್ಷ ಮಾಲೆ ದಿನವೂ ಮಧ್ಯಾಹ್ನಕ್ಕೇ ಕಂದತೊಡಗಿತು. ದೇವಸ್ಥಾನದ ಉಸ್ತುವಾರಿ ನೋಡುವ ಪಾರುಪತ್ತೇಗಾರ ಅವಳ ಕೈಯ ಕಾವು ಹೆಚ್ಚು ಎಂದ. ಅರ್ಚಕರು, ಮೈಲಿಗೆಯಲ್ಲಿ ಕಟ್ಟಿರಬೇಕು ಎಂದರು. ಅವಳು ತಣ್ಣೀರಿನಲ್ಲಿ ಕೈ ಅದ್ದಿ ಅದ್ದಿ ಕಟ್ಟಿದಳು. ದಿನಕ್ಕೆ ಎರಡು ಸಲ ಸ್ನಾನ ಮಾಡಿದಳು. ಹೂವಿಗೆ ಇದೊಂದೂ ತಿಳಿಯಲಿಲ್ಲ. ಅದು ತನ್ನ ಪಾಡಿಗೆ ಕಂದಿತು. ತೋಟಗಳಿಗೇ ಹೋಗಿ ಬೇಡಿದಳು. ಎಲ್ಲ ಹೂವನ್ನೂ ವ್ಯಾಪಾರಿಗೇ ಕೊಡುವ ಮಾತಾಗಿದೆ ಎಂದು ತೋಟದವರು ಕೈಯಲ್ಲಾಡಿಸಿದರು. ಇನ್ನೊಂದು ಮಾಲೆ ಕಂದಿದರೆ ಬೇರೆಯವರಿಗೆ ಹೇಳುತ್ತೇನೆ ಎಂದು ಪಾರುಪತ್ತೇಗಾರ ಎಚ್ಚರಿಸಿದ.

ಮಾರನೆಯ ಬೆಳಿಗ್ಗೆ ಅವಳು ವ್ಯಾಪಾರಿಯ ಎದುರಿಗೇ ಮೂಟೆ ಬಿಚ್ಚಿದಳು. ಮೊಗ್ಗು ಬೆಳ್ಳಗಿತ್ತು. ನೀರು ಚಿಮುಕಿಸಿದ್ದರಿಂದ ತಣ್ಣಗೂ ಇತ್ತು. ಕಣ್ಣಿಗೂ ಕೈಗೂ ಏನೂ ಸಿಕ್ಕಲಿಲ್ಲ. ಅವಳು ತಳದಿಂದ ಒಂದು ಹಿಡಿ ಎತ್ತಿ, ಹೂವಿಗೆ ಬಂದವರೆಲ್ಲ ನೋಡುತ್ತಿದ್ದಂತೆ, ಮೂಗಿಗೆ ಹಿಡಿದಳು.

“ಅಯ್ಯಯ್ಯೋ, ಏನಮ್ಮಾ ಇದು! ದೇವರ ಹೂ ಮೂಸಿಬಿಟ್ಟೆಯಲ್ಲ!” ಎಂದು ವ್ಯಾಪಾರಿ ಕೂಗಿದ.

“ಮೂಸಿದೆ ಕಣಣ್ಣ. ಇದು ಮೊನ್ನೇದು. ಆ ಮೂಟೆ ಇಲ್ಲಿ ಕೊಡು, ಅದರ ಜಾತಕಾನೂ ಹೇಳ್ತೀನಿ.”

ಯಾರೋ ಕಿಸಕ್ಕನೆ ನಕ್ಕರು. ವ್ಯಾಪಾರಿ ನಗಲಿಲ್ಲ. ಅವಳು ಎರಡನೆಯದನ್ನು ಬಿಚ್ಚಿದಳು, ಮೂರನೆಯದನ್ನು ಬಿಚ್ಚಿದಳು. ನಾಲ್ಕನೆಯದರಲ್ಲಿ ಅಂದಿನ ಹೂ ಸಿಕ್ಕಿತು. ಮೂಸಿದ ಹಿಡಿಯನ್ನು ತಾನೇ ಮುಡಿದುಕೊಂಡು, ಉಳಿದದ್ದನ್ನು ಹೊತ್ತುಕೊಂಡು ಹೋಗಿ ಮಾಲೆ ಕಟ್ಟಿದಳು.

ಸುದ್ದಿ ಅವಳಿಗಿಂತ ಮೊದಲೇ ದೇವಸ್ಥಾನ ತಲುಪಿತ್ತು. ಪಾರುಪತ್ತೇಗಾರ ಬಾಗಿಲಲ್ಲೇ ನಿಂತಿದ್ದ.

“ತಪ್ಪುಕಾಣಿಕೆ ಹಾಕು. ಇನ್ನು ಮೇಲೆ ಮೂಸೋದಿಲ್ಲ ಅಂತ ದೇವರ ಮುಂದೆ ಹೇಳು. ಇಷ್ಟಕ್ಕೇ ಮುಗಿಸೋಣ. ನಿಮ್ಮ ತಾಯಿ ಇದ್ದಿದ್ದರೆ ಇಂಥಾದ್ದು ಮಾಡ್ತಿರಲಿಲ್ಲ.”

“ನಮ್ಮಮ್ಮ ಮೂಸಲಿಲ್ಲ, ನಿಜ ಸ್ವಾಮಿ. ಒಂದೊಂದು ದಿನ ಅವಳ ಮಾಲೆ ಕಂದಿದಾಗ, ಅವಳ ಕೈಗೂ ಕಾವು ಹೆಚ್ಚು ಅಂತ ನೀವೇ ಅಂದಿದ್ರಿ. ಮಾಲೆ ಬೇಕಾದರೆ ತಗೊಳ್ಳಿ. ನಾಳೆನೂ ಮೂಸಿಯೇ ತರೋಳು ನಾನು.”

ಅವನು ಮಾಲೆ ತೆಗೆದುಕೊಳ್ಳಲಿಲ್ಲ. ವ್ಯಾಪಾರಿಯಿಂದ ಬೇರೊಂದು ಮೂಟೆ ತರಿಸಿ, ಬೇರೊಬ್ಬಳಿಂದ ಕಟ್ಟಿಸಿದ. ತಾಯಿಯ ಕಾಲದಿಂದ ಬಂದ ಕೆಲಸ ಅವಳಿಂದ ಹೋಯಿತು. ಅವಳು ತನ್ನ ಮಾಲೆಯನ್ನು ದೇವಸ್ಥಾನದ ಹೊರಗಿನ ಮೆಟ್ಟಿಲ ಮೇಲೆ ಹರಡಿ ಪಕ್ಕದಲ್ಲೇ ಕುಳಿತಳು. ಎಬ್ಬಿಸಲು ಬಂದವರಿಗೆ, ಹೊರಗಿನ ಮೆಟ್ಟಿಲಿಗೆ ಕಟ್ಟಳೆ ಯಾವುದಿದೆ ಹೇಳಿ ಎಂದಳು. ಮಧ್ಯಾಹ್ನದ ಹೊತ್ತಿಗೆ ಒಳಗಿನ ಮಾಲೆ ಕಂದಿತು. ಮೆಟ್ಟಿಲ ಮೇಲಿನದು ಸಂಜೆ ಅರಳಿತು. ಒಳಗೆ ಕೈ ಮುಗಿದು ಬಂದವರೆಲ್ಲ ಹೊರಗೆ ಒಂದು ಗಳಿಗೆ ನಿಂತು ಹೋದರು.

ಮರುದಿನ ಅವಳು ಮತ್ತೆ ವ್ಯಾಪಾರಿಯಲ್ಲಿಗೆ ಹೋಗಿ ಮೂಟೆ ಬಿಚ್ಚಿದಳು. ಆ ದಿನ ಅವಳ ಪಕ್ಕದಲ್ಲಿ ಇನ್ನೂ ಮೂವರು ಹೆಂಗಸರು ಬಿಚ್ಚಿದರು.

ಗುರು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯೆಗೆ ಸಮಾಧಾನವಾಗಲಿಲ್ಲ. “ಆದರೂ ಗುರುಗಳೇ, ಕಟ್ಟಳೆ ಕಟ್ಟಳೆಯೇ ಅಲ್ಲವೇ? ದೇವರ ದೃಷ್ಟಿಯಲ್ಲಿ ಅವಳದು ತಪ್ಪಾಗಲಿಲ್ಲವೇ?” ಎಂದಳು.

ಗುರು ಹೇಳಿದರು: “ಮೂಸಬೇಡ ಎಂದು ದೇವರು ಹೇಳಿದ್ದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ, ವ್ಯಾಪಾರಿ ಹೇಳಿದ್ದನ್ನು ಎಲ್ಲರೂ ಕೇಳಿದ್ದರು.”