ತಲೆಬಾಗದ ಕ್ರೋಲ್ ಸಾಹೇಬ

ಇನ್ನೂರು ವರ್ಷದ ಹಿಂದಿನ ಮಾತು. ಅಮೆರಿಕದ ಒಂದು ಕಾಲುವೆಯಲ್ಲಿ ದಡದಲ್ಲಿ ನಡೆಯುವ ಹೇಸರಗತ್ತೆಗಳು ಹಗ್ಗದಿಂದ ಎಳೆಯುವ ದೋಣಿಯೊಂದು ಸಾಗುತ್ತಿತ್ತು. ಅದರ ಚಾವಣಿಯ ಮೇಲೆ ಕಾಲುವೆ ಕೆಲಸದ ಕೂಲಿಯವರು ಕೂತಿದ್ದರು. ಅವರೆದುರು ಎತ್ತರದ ಟೋಪಿ ಹಾಕಿಕೊಂಡು ನಿಂತು, ಶಾಸನಸಭೆಯ ಚುನಾವಣೆಗೆ ಸ್ಪರ್ಧಿಸಿದ್ದ ಕ್ರೋಲ್ ಸಾಹೇಬ ಭಾಷಣ ಬಿಗಿಯುತ್ತಿದ್ದ.

“ಎಲ್ಲರೂ ನನಗೇ ಓಟು ಹಾಕಬೇಕು!”

“ದಿನಕ್ಕೆ ಹತ್ತೇ ಗಂಟೆ ಕೆಲಸ ಅಂತ ಕಾನೂನು ಮಾಡಿಸ್ತೀರಾ?” ಎಂದಳು ದೋಣಿಯ ಅಡುಗೆಯವಳು ಟ್ಯಾಬಿತಾ.

“ಓಟೇ ಇಲ್ಲದ ಹೆಂಗಸು ನೀನು, ಸುಮ್ಮನಿರು! ಈ ಕ್ರೋಲ್ ಕೂಲಿಯವರ ಮುಂದೆ ತಲೆಬಾಗುವವನಲ್ಲ.”

ಟ್ಯಾಬಿತಾ ಅವನ ಬೆನ್ನ ಹಿಂದೆ ನೋಡಿದಳು. ದೂರದಲ್ಲಿ ಸೇತುವೆ ಕಾಣಿಸಿತು. ಆ ಕಾಲುವೆಯ ಸೇತುವೆಗಳು ಬಲು ತಗ್ಗು. ಕೂತವರಿಗೆ ತೊಂದರೆಯಿಲ್ಲ, ನಿಂತವರು ಬಗ್ಗಲೇಬೇಕು. ಅವಳು ಸಾಹೇಬನತ್ತ ತಿರುಗಿ ಕೇಳಿದಳು:

“ಒಂದು ವೇಳೆ ತಲೆಬಾಗಿದರೆ?”

“ನಿಮ್ಮ ಕಾನೂನಿಗೆ ನಾನೇ ಮೊದಲು ಕೈ ಎತ್ತುತ್ತೇನೆ. ದೇವರಾಣೆ!”

“ಎಲ್ಲರೂ ಕೇಳಿದಿರಲ್ಲ? ಹಾಗಾದರೆ ಸಾಹೇಬರೇ, ಸೇತುವೆ ಬಂತು, ಬಗ್ಗಿ!”

ಕ್ರೋಲ್ ತಿರುಗಿ ನೋಡಿದವನೇ ಹೌಹಾರಿ ಕೂಲಿಯವರ ಕಾಲ ಬುಡದಲ್ಲಿ ಬೋರಲು ಬಿದ್ದ. ಟೋಪಿ ಸೇತುವೆಗೆ ಬಡಿದು ನೀರಿಗೆ ಹಾರಿತು. ದೋಣಿಗೆ ದೋಣಿಯೇ ಹೋ ಎಂದು ಕೂಗಿತು.

“ಮೋಸ! ನಾನು ಬಾಗಿದ್ದು ಸೇತುವೆಗೆ, ಇವರಿಗಲ್ಲ!”

“ಆ ಸೇತುವೆ ಕಟ್ಟಿದವರು ಇವರೇ, ಸಾಹೇಬರೇ.”

ಕ್ರೋಲ್ ಎದ್ದು ನಿಂತು ನೋಡಿದ. ಸುತ್ತಲೂ ಓಟುಳ್ಳವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೊನೆಗೆ ಅವನೂ ಹಲ್ಲು ಕಿರಿದು ಕೈ ಎತ್ತಿದ.

“ಆಯಿತಮ್ಮಾ, ಹತ್ತೇ ಗಂಟೆ!”

ಅಷ್ಟರಲ್ಲಿ ಇನ್ನೊಂದು ಸೇತುವೆ ಬಂತು. ಈ ಸಲ ಯಾರೂ ಹೇಳುವ ಮೊದಲೇ ಸಾಹೇಬ ಕೂಲಿಯವರ ನಡುವೆ ಜಾಗ ಮಾಡಿಕೊಂಡು ಕೂತುಬಿಟ್ಟ.